‘ಹೂಂ’ ಅನ್ನುವ ಚಟ ಬಿಡಿಸಿದ ಕೋರ್ಸು

ಆರು ವರ್ಷ ಪತ್ರಿಕೆಯಲ್ಲಿ ವರದಿಗಾರನಾಗಿದ್ದು ಆಮೇಲೆ ಮಲ್ಟಿಮೀಡಿಯಾ ಪತ್ರಿಕೋದ್ಯಮದ ಸ್ನಾತಕೋತ್ತರ ಕೋರ್ಸಿಗೆ ಸೇರಿದವನು ನಾನು. ಬರೆಯೋದು ಗೊತ್ತು, ಕ್ಯಾಮೆರಾ ಹಿಡಿಯೋದೊಂದು ಕಲಿತರಾಯಿತು ಅಂದುಕೊಂಡಿದ್ದೆ. ಮೊದಲ ಅಸೈನ್‌ಮೆಂಟಿನಲ್ಲೇ ಆ ಠೇಂಕಾರ ಇಳಿಯಿತು.

ಎರಡು ನಿಮಿಷದ ಆಡಿಯೊ ಸ್ಟೋರಿ ಮಾಡಬೇಕಿತ್ತು. ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರನ್ನು ನಲವತ್ತು ನಿಮಿಷ ಮಾತಾಡಿಸಿ ಖುಷಿಯಿಂದ ಬಂದೆ. ಲ್ಯಾಬಿನಲ್ಲಿ ಕೂತು ಕೇಳಿದರೆ ಅವರ ಪ್ರತಿ ಮಾತಿನ ಮೇಲೂ ನನ್ನದೊಂದು ‘ಹೂಂ’, ‘ಹೌದ್ಹೌದು’, ‘ಓಹೋ’. ಚಿಕ್ಕಂದಿನಲ್ಲಿ ಅಪ್ಪನ ಗಡಿಯಾರ ಬಿಚ್ಚಿ ಕೆಡಿಸಿದ್ದನ್ನು ಹೇಳುತ್ತಾ ಅವರು ಒಂದು ಕ್ಷಣ ಸುಮ್ಮನಾಗಿದ್ದರು. ಇಡೀ ಸಂದರ್ಶನದ ಜೀವ ಇದ್ದದ್ದೇ ಅಲ್ಲಿ. ಅದರ ನಟ್ಟನಡುವೆ ನನ್ನ ‘ಓಹೋ’ ಕೂತಿತ್ತು. ನೋಟ್‌ಬುಕ್ ಹಿಡಿದು ಕೇಳುವಾಗ ಹೂಂಗುಟ್ಟುವುದು ಮರ್ಯಾದೆ, ಮೈಕ್ ಇದ್ದಾಗ ಅದೇ ಕಸ. ಎರಡು ದನಿ ಒಂದರ ಮೇಲೊಂದು ಬಿದ್ದರೆ ಎಂಥ ಎಡಿಟರ್‌ಗೂ ಚೊಕ್ಕವಾಗಿ ಬಿಡಿಸಲು ಬರುವುದಿಲ್ಲ.

ಅಲ್ಲಿಂದ ಮುಂದೆ ತಲೆಯಾಡಿಸುವುದಷ್ಟೇ, ಬಾಯಿ ಬಂದ್. ಉತ್ತರ ಮುಗಿಯಿತು ಅನ್ನಿಸಿದ ಮೇಲೂ ಮನಸ್ಸಿನಲ್ಲೇ ಮೂರು ಎಣಿಸುತ್ತೇನೆ. ಎಷ್ಟೋ ಸಲ ಒಳ್ಳೆಯ ಮಾತು ಬರುವುದು ಆ ಮೂರರೊಳಗೇ.

ಸೌಂಡ್ ಕಲಿಸಿದ ಮೇಷ್ಟ್ರ ಇನ್ನೊಂದು ಪಾಠ ಈಗಲೂ ನಗು ತರಿಸುತ್ತದೆ. ಯಾರ ಮನೆಯಲ್ಲಾದರೂ ರೆಕಾರ್ಡ್ ಮಾಡುವಾಗ ಫ್ರಿಜ್ ಆಫ್ ಮಾಡಿಸಿ, ನಿಮ್ಮ ಗಾಡಿಯ ಕೀ ಅದರೊಳಗಿಡಿ. ಮತ್ತೆ ಆನ್ ಮಾಡುವುದು ಮರೆತರೆ ಮನೆಗೆ ಹೋಗೋಕಾಗಲ್ಲ! ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ ಕಿವಿಗೆ ಗೊತ್ತಾಗುವುದಿಲ್ಲ, ಹೆಡ್‌ಫೋನ್ ಹಾಕಿದರೆ ಗೊತ್ತಾಗುತ್ತದೆ. ರೆಕಾರ್ಡರಿನ ಮೀಟರಿನಲ್ಲಿ ದನಿಯ ಲೆವೆಲ್ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿರಬೇಕು, ಸೊನ್ನೆಯೇ ಅದರ ಗರಿಷ್ಠ ಮಿತಿ. ಸೊನ್ನೆ ಮುಟ್ಟಿ ಒಡೆದರೆ ಆಮೇಲೆ ರಿಪೇರಿಯಿಲ್ಲ. ಹೊರಡುವ ಮುಂಚೆ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಖಾಲಿ ಕೋಣೆಯ ಸದ್ದು, ಅಂದರೆ ರೂಮ್ ಟೋನ್, ಹಿಡಿದುಕೊಳ್ಳಬೇಕು. ಕತ್ತರಿಸಿದ ಜಾಗಗಳಿಗೆ ತೇಪೆ ಹಾಕಲು ಅದೇ ಬೇಕು.

ವಿಡಿಯೊದಲ್ಲಿ ನನ್ನ ರೋಗ ಬೇರೆ. ಕ್ಯಾಮೆರಾ ಅತ್ತಿತ್ತ ತಿರುಗಿಸುವುದು, ಸುಮ್ಮಸುಮ್ಮನೆ ಜೂಮ್ ಮಾಡುವುದು. ಮೊದಲ ದಿನದ ಫೂಟೇಜಿನಲ್ಲಿ ಉಪಯೋಗಕ್ಕೆ ಬಂದದ್ದು ಏನೂ ಇರಲಿಲ್ಲ. ಟ್ರೈಪಾಡ್ ಮೇಲಿಟ್ಟು ಪ್ರತಿ ಶಾಟನ್ನೂ ಹತ್ತು ಸೆಕೆಂಡ್ ಅಲ್ಲಾಡಿಸದೆ ಹಿಡಿ ಅಂದರು. ಕೈ, ಮುಖ, ದೂರದಿಂದ ಇಡೀ ಜಾಗ, ಹೆಗಲ ಹಿಂದಿನಿಂದ, ಕೊನೆಗೆ ಯಾರೂ ನಿರೀಕ್ಷಿಸದ ಒಂದು ಕೋನ. ಈ ಐದಿದ್ದರೆ ಯಾವ ಕೆಲಸವನ್ನಾದರೂ ಕತ್ತರಿಸಿ ಜೋಡಿಸಬಹುದು. ಸೆಕೆಂಡಿಗೆ 25 ಫ್ರೇಮ್ ಆದರೆ ಶಟರ್ ವೇಗ ಸೆಕೆಂಡಿನ 1/50, ಇಂಥವೆಲ್ಲ ವಾರದಲ್ಲಿ ಬೆರಳಿಗೆ ಹತ್ತುತ್ತವೆ.

ಒಂದು ಸೆಮಿಸ್ಟರ್ ಪೂರ್ತಿ, ಸುತ್ತಲಿನ ಎಲ್ಲ ದಿಕ್ಕನ್ನೂ ಒಟ್ಟಿಗೆ ಹಿಡಿಯುವ 360 ಡಿಗ್ರಿ ವಿಡಿಯೊಗೆ ಹೋಯಿತು. ಆಮೇಲೆ ಒಂದು ಸಲವೂ ಬಳಸಿಲ್ಲ, ಬೇಜಾರಿದೆ. ಬರೆಯುವವನ ಅಭ್ಯಾಸ ಕೈಹಿಡಿದದ್ದು ಪೇಪರ್ ಎಡಿಟ್‌ನಲ್ಲಿ. ಸಂದರ್ಶನವನ್ನೆಲ್ಲ ಅಕ್ಷರಕ್ಕಿಳಿಸಿ, ಕಥೆಯನ್ನು ಮೊದಲು ಕಾಗದದ ಮೇಲೆ ಕಟ್ಟಿ, ಆಮೇಲಷ್ಟೇ ಎಡಿಟಿಂಗ್ ಸಾಫ್ಟ್‌ವೇರಿನ ಟೈಮ್‌ಲೈನ್ ಮುಟ್ಟುವುದು. ನ್ಯೂಯಾರ್ಕ್ ಟೈಮ್ಸ್ 2012ರಲ್ಲಿ ಪ್ರಕಟಿಸಿದ ಹಿಮಕುಸಿತದ ಕಥೆ ‘ಸ್ನೋ ಫಾಲ್’ನಂಥದ್ದು ಮಾಡಬೇಕೆಂಬ ಹುಚ್ಚು ನಮ್ಮ ಬ್ಯಾಚಿನ ಎಲ್ಲರಿಗೂ ಇತ್ತು. ವಿಡಿಯೊ, ಗ್ರಾಫಿಕ್ಸ್ ಎಲ್ಲ ಇದ್ದ ಅದಕ್ಕೆ 2013ರಲ್ಲಿ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಬಂದದ್ದು ಫೀಚರ್ ಬರವಣಿಗೆಯ ವಿಭಾಗದಲ್ಲಿ ಅಂತ ತಿಳಿದಾಗ ನನಗೆ ಒಳಗೊಳಗೇ ಸಮಾಧಾನ.

ಕೊನೆಯ ಪ್ರಾಜೆಕ್ಟಿಗೆ ಮತ್ತೆ ಅದೇ ಗಡಿಯಾರದವರ ಬಳಿ ಹೋದೆ. ಕಾಲರಿಗೆ ಮೈಕ್ ಸಿಕ್ಕಿಸಿ, ಲೆವೆಲ್ ನೋಡಿ, ಅಪ್ಪನ ಗಡಿಯಾರದ ವಿಷಯ ಎತ್ತಿ ಬಾಯಿ ಮುಚ್ಚಿಕೊಂಡು ಕೂತೆ. ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ ಮತ್ತೆ ಚಿಮುಟ ಕೈಗೆತ್ತಿಕೊಂಡರು. ಮೂರು ಎಣಿಸಿದೆ, ಹತ್ತೂ ಎಣಿಸಿದೆ. ಹಳೆಯ ರೆಕಾರ್ಡಿಂಗ್ ಇನ್ನೂ ನನ್ನ ಹಾರ್ಡ್ ಡಿಸ್ಕಿನಲ್ಲಿದೆ, ‘ಓಹೋ’ ಸಮೇತ.