ಹಳೆಯ ಲ್ಯಾಪ್‌ಟಾಪ್ ರಿಪೇರಿ: ಸ್ವಿಚ್ ಒತ್ತುವ ಮೊದಲು

1990ರ ದಶಕದ ಲ್ಯಾಪ್‌ಟಾಪ್ ಕೈಗೆ ಸಿಕ್ಕ ಕೂಡಲೇ ಆನ್ ಮಾಡಬೇಡಿ. ಮುಖ್ಯ ಬ್ಯಾಟರಿ ತೆಗೆದಿಡಿ. ಅಡಾಪ್ಟರಿನ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ (ವಿದ್ಯುತ್ ಅಳೆಯುವ ಉಪಕರಣ) ಅಳೆದು, ಲ್ಯಾಪ್‌ಟಾಪಿನ ತಳದ ಲೇಬಲ್ಲಿನೊಂದಿಗೆ ತಾಳೆ ನೋಡಿ. ಪಿನ್ನಿನ ನಡುಭಾಗ ಪ್ಲಸ್ಸೋ ಮೈನಸ್ಸೋ ಎಂಬುದೂ ಖಚಿತವಾಗಬೇಕು. ಉಲ್ಟಾ ಆದರೆ ಬೋರ್ಡೇ ಸುಟ್ಟೀತು.

ಇಂಥ ಯಂತ್ರಗಳನ್ನು ಹೆಚ್ಚಾಗಿ ಕೊಲ್ಲುವುದು ಗಡಿಯಾರ ಮತ್ತು ಸೆಟ್ಟಿಂಗ್ ಉಳಿಸುವ ಪುಟ್ಟ ಬ್ಯಾಟರಿ. ಅದು ನಿಕಲ್ ಮಾದರಿಯದಾದರೆ ವರ್ಷಗಳಲ್ಲಿ ಸೋರಿ, ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದು, ಹಸಿರು-ನೀಲಿ ಕಿಲುಬು ಹಿಡಿಸುತ್ತದೆ. ಬ್ಯಾಟರಿ ಕಿತ್ತು, ಕಿಲುಬಿಗೆ ಬಿಳಿ ವಿನೆಗರ್ ಹಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಸೋರಿದ್ದು ಕ್ಷಾರವಾದ್ದರಿಂದ ಇಲ್ಲಿ ಆಮ್ಲವೇ ಬೇಕು, ಅಡಿಗೆ ಸೋಡಾ ಅಲ್ಲ. ಬಳಿಕ ನೀರಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, 99% ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆದು ಒಂದು ದಿನ ಒಣಗಲು ಬಿಡಿ. ತುಂಡಾದ ಗೆರೆಗಳನ್ನು ಮಲ್ಟಿಮೀಟರಿನ ಕಂಟಿನ್ಯೂಟಿ ಮೋಡಿನಲ್ಲಿ (ಸಂಪರ್ಕ ಇದೆಯೇ ಎಂದು ತೋರಿಸುವ ಸೆಟ್ಟಿಂಗ್) ಹುಡುಕಿ, ತೆಳು ತಂತಿಯಿಂದ ಬೆಸೆಯಿರಿ.

ಕಿತ್ತ ನಿಕಲ್ ಬ್ಯಾಟರಿಯ ಬದಲಿಗೆ ಸಿಆರ್2032 ಸೆಲ್ಲನ್ನು (ಚಾರ್ಜ್ ಮಾಡಬಾರದ, ನಾಣ್ಯದಂಥ ಸೆಲ್) ನೇರವಾಗಿ ಬೆಸೆಯಲೇಬೇಡಿ. ಬೋರ್ಡು ಅದನ್ನು ಚಾರ್ಜ್ ಮಾಡಲು ಹೊರಡುತ್ತದೆ, ಸೆಲ್ಲು ಒಡೆಯಬಹುದು. ಅದೇ ವೋಲ್ಟೇಜಿನ ರೀಚಾರ್ಜಬಲ್ ಬ್ಯಾಟರಿಯೇ ಸರಿ.

ಬೆಸುಗೆ ಕಾಯಿಸುವಾಗ ಮೀನಿನ ವಾಸನೆ ಬಂದರೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ (ವಿದ್ಯುತ್ ಹಿಡಿದಿಡುವ, ಒಳಗೆ ದ್ರವವಿರುವ ಪುಟ್ಟ ಬಿಡಿಭಾಗ) ಸೋರಿದೆ. ಅಷ್ಟೇ ಮೈಕ್ರೊಫ್ಯಾರಡ್ (ಕೆಪಾಸಿಟರಿನ ಸಾಮರ್ಥ್ಯದ ಅಳತೆ), ಅಷ್ಟೇ ಅಥವಾ ಹೆಚ್ಚಿನ ವೋಲ್ಟೇಜಿನದನ್ನು ಹಾಕಿ. ಪಟ್ಟಿ ಇರುವ ಬದಿ ಅದಲುಬದಲಾಗದಿರಲಿ.

ಈಗ ಆನ್ ಮಾಡಿ. ಪರದೆ ಕಪ್ಪಗಿದ್ದರೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಮಸುಕಾಗಿ ಅಕ್ಷರ ಕಂಡರೆ ಬೋರ್ಡು ಜೀವಂತ. ಹೋಗಿರುವುದು ಬ್ಯಾಕ್‌ಲೈಟ್ (ಪರದೆಯ ಹಿಂದಿನ ದೀಪ) ಅಥವಾ ಅದರ ಇನ್ವರ್ಟರ್ (ಆ ದೀಪಕ್ಕೆ ಹೆಚ್ಚಿನ ವೋಲ್ಟೇಜ್ ಕೊಡುವ ಪುಟ್ಟ ಬೋರ್ಡು). ಇನ್ವರ್ಟರಿನಲ್ಲಿ ನೂರಾರು ವೋಲ್ಟ್ ಇರುತ್ತದೆ, ಚಾಲೂ ಇರುವಾಗ ಮುಟ್ಟಬೇಡಿ.