ಟೆಕ್ಸಸ್‌ನಲ್ಲಿ ಸ್ವಂತ ಮನೆಯ ಆಸ್ತಿ ತೆರಿಗೆಗೆ ವಿನಾಯಿತಿ ಪಡೆಯುವ ಬಗೆ

ಟೆಕ್ಸಸ್‌ನಲ್ಲಿ ರಾಜ್ಯ ಸರ್ಕಾರದ ಆದಾಯ ತೆರಿಗೆ ಇಲ್ಲ. ಶಾಲೆ, ಕೌಂಟಿ ಮತ್ತು ನಗರಾಡಳಿತಗಳ ಖರ್ಚಿನ ದೊಡ್ಡ ಪಾಲು ಆಸ್ತಿ ತೆರಿಗೆಯಿಂದಲೇ ಬರಬೇಕು. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಸುತ್ತಮುತ್ತ ಮನೆ ಕೊಂಡ ಕನ್ನಡಿಗರಿಗೆ ಸಾಲದ ಕಂತಿನ ಜೊತೆ ಈ ಹೊರೆಯೂ ಸೇರಿಕೊಳ್ಳುತ್ತದೆ. ಮಾಲೀಕರು ತಾವೇ ವಾಸಿಸುವ ಮನೆಗೆ ಕಾನೂನು ಹೋಮ್‌ಸ್ಟೆಡ್ ವಿನಾಯಿತಿ ನೀಡಿದೆಯಾದರೂ ಅದನ್ನು ಅರ್ಜಿ ಹಾಕಿಯೇ ಪಡೆಯಬೇಕು. ಮನೆ ಮಾರಿದ ಬಿಲ್ಡರ್ ಆಗಲಿ, ಸಾಲ ಕೊಟ್ಟ ಬ್ಯಾಂಕ್ ಆಗಲಿ ಆ ಕೆಲಸವನ್ನು ನಿಮಗಾಗಿ ಮಾಡುತ್ತಾರೆಂದು ನಂಬಿ ಕೂರಬಾರದು.

2023ರಲ್ಲಿ ಶಾಲಾ ತೆರಿಗೆಯ ವಿನಾಯಿತಿ 40,000 ಡಾಲರ್‌ನಿಂದ 1,00,000ಕ್ಕೆ ಏರಿತು. 2025ರ ತೆರಿಗೆ ವರ್ಷದಿಂದ ಅದು 1,40,000 ಡಾಲರ್. ಇದು ತೆರಿಗೆಯಲ್ಲಿ ಕಳೆಯುವ ಮೊತ್ತವಲ್ಲ, ತೆರಿಗೆ ಲೆಕ್ಕ ಹಾಕುವ ಮನೆಯ ಬೆಲೆಯಲ್ಲಿ ಕಳೆಯುವ ಮೊತ್ತ. ನಿಮ್ಮ ಶಾಲಾ ಜಿಲ್ಲೆಯ ದರ ನೂರು ಡಾಲರ್‌ಗೆ ಒಂದು ಡಾಲರ್ ಎಂದಿಟ್ಟುಕೊಂಡರೆ ವರ್ಷಕ್ಕೆ 1,400 ಡಾಲರ್ ಉಳಿಯುತ್ತದೆ. ಕೌಂಟಿ ಮತ್ತು ನಗರಗಳು ತಮ್ಮ ಇಚ್ಛೆಯಂತೆ ಶೇ. 20ರವರೆಗೆ ಬೇರೆ ವಿನಾಯಿತಿ ಕೊಡಬಹುದು.

ಹಲವರು ಗಮನಿಸದ, ನನ್ನ ದೃಷ್ಟಿಯಲ್ಲಿ ಇದಕ್ಕಿಂತಲೂ ಬೆಲೆಯುಳ್ಳ ಲಾಭ ಇನ್ನೊಂದಿದೆ. ವಿನಾಯಿತಿ ದೊರೆತ ಮೊದಲ ವರ್ಷದ ಮರುವರ್ಷದಿಂದ, ತೆರಿಗೆಗೆ ಲೆಕ್ಕಕ್ಕೆ ಬರುವ ಮನೆಯ ಬೆಲೆಯನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ. 4,00,000 ಡಾಲರ್ ಎಂದು ಲೆಕ್ಕಕ್ಕಿದ್ದ ಮನೆಯ ಮಾರುಕಟ್ಟೆ ಬೆಲೆ ಒಂದೇ ವರ್ಷದಲ್ಲಿ 4,80,000 ಆದರೂ ತೆರಿಗೆಯ ಲೆಕ್ಕಕ್ಕೆ 4,40,000 ಮಾತ್ರ. ಶಾಲಾ ತೆರಿಗೆಗೆ ಅದರಲ್ಲಿಯೂ 1,40,000 ಕಳೆದು 3,00,000 ಉಳಿಯುತ್ತದೆ. ಹೊಸದಾಗಿ ಕಟ್ಟಿಸಿದ ಕೋಣೆಯ ಬೆಲೆಗೆ ಮಾತ್ರ ಈ ಮಿತಿ ಅನ್ವಯಿಸದು. ಅರ್ಜಿ ಒಂದು ವರ್ಷ ತಡವಾದರೆ ಈ ರಕ್ಷಣೆಯೂ ತಡವಾಗಬಹುದು ಎಂಬುದನ್ನು ನೆನಪಿಡಿ.

ಅರ್ಜಿಯ ನಮೂನೆ 50-114. ಅದನ್ನು ಮನೆಯಿರುವ ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟ್ (ತೆರಿಗೆಗಾಗಿ ಆಸ್ತಿಯ ಬೆಲೆ ಕಟ್ಟುವ ಸಂಸ್ಥೆ) ಕಚೇರಿಗೆ ಏಪ್ರಿಲ್ 30ರೊಳಗೆ ಸಲ್ಲಿಸಬೇಕು. ಮೊದಲು ಡ್ರೈವಿಂಗ್ ಲೈಸೆನ್ಸ್ ತೆಗೆದು ನೋಡಿಕೊಳ್ಳಿ: ಅದರಲ್ಲಿ ಹಳೆಯ ಅಪಾರ್ಟ್‌ಮೆಂಟಿನ ವಿಳಾಸವೇ ಉಳಿದಿದ್ದರೆ ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಏಕೆಂದರೆ ಅದರಲ್ಲಿರುವ ವಿಳಾಸ ಮನೆಯ ವಿಳಾಸಕ್ಕೆ ಹೊಂದಬೇಕು. ವರ್ಷದ ನಡುವೆ ಮನೆ ಕೊಂಡವರೂ, ಹಿಂದಿನ ಮಾಲೀಕರು ಆ ವರ್ಷ ಇದೇ ವಿನಾಯಿತಿ ಪಡೆದಿರದಿದ್ದರೆ, ಉಳಿದ ತಿಂಗಳುಗಳಿಗೆ ಅರ್ಜಿ ಹಾಕಬಹುದು. ಅರ್ಜಿಗೆ ಶುಲ್ಕವಿಲ್ಲ, ಸರ್ಕಾರಿ ಪತ್ರದಂತೆ ಕಾಣುವ ಲಕೋಟೆ ಕಳಿಸಿ ಹಣ ಕೇಳುವವರಿಗೆ ದಯವಿಟ್ಟು ಏನನ್ನೂ ಕೊಡಬೇಡಿ.

ಗಡುವು ಮೀರಿದವರು ಕೈಚೆಲ್ಲಬೇಕಿಲ್ಲ. ತೆರಿಗೆ ಬಾಕಿಯೆಂದು ಪರಿಗಣಿತವಾಗುವ ದಿನದಿಂದ ಎರಡು ವರ್ಷದವರೆಗೂ ತಡವಾದ ಅರ್ಜಿಯನ್ನು ಸ್ವೀಕರಿಸುತ್ತಾರೆ, ಹೆಚ್ಚು ಕಟ್ಟಿದ ಹಣ ಮರಳಿ ಬರುತ್ತದೆ.

ಮಾಲೀಕರಿಗೆ 65 ವರ್ಷ ತುಂಬಿದರೆ ಶಾಲಾ ತೆರಿಗೆಯಲ್ಲಿ ಇನ್ನೂ 60,000 ಡಾಲರ್ ವಿನಾಯಿತಿ ಸೇರುತ್ತದೆ, ಜೊತೆಗೆ ಆ ತೆರಿಗೆಯ ಮೊತ್ತಕ್ಕೇ ಮೇಲ್ಮಿತಿ ಬೀಳುತ್ತದೆ. ಊರಿನಿಂದ ಬಂದು ಜೊತೆಗಿರುವ ತಂದೆತಾಯಿಯ ವಯಸ್ಸನ್ನು ತೋರಿಸಿ ಇದನ್ನು ಕೇಳಲಾಗದು. ಅವರು ಮನೆಯ ಮಾಲೀಕರೂ ಆಗಿರಬೇಕು.

ವಿನಾಯಿತಿಗಾಗಿ ಪ್ರತಿವರ್ಷ ಅರ್ಜಿ ಹಾಕಬೇಕಿಲ್ಲ, ಆದರೆ ಕಚೇರಿಯು ಐದು ವರ್ಷಕ್ಕೊಮ್ಮೆಯಾದರೂ ಅರ್ಹತೆಯನ್ನು ಪರಿಶೀಲಿಸಬೇಕೆಂಬ ನಿಯಮವಿರುವುದರಿಂದ ಆ ಪತ್ರ ಬಂದಾಗ ಉತ್ತರಿಸದೆ ಬಿಡಬೇಡಿ. ಕೆಲಕಾಲ ಬೆಂಗಳೂರಿಗೆ ಹೋಗಿ ಇರಬೇಕಾದವರು, ಎರಡು ವರ್ಷದೊಳಗೆ ಮರಳುವ ಉದ್ದೇಶವಿದ್ದು ಬೇರೆಡೆ ಕಾಯಂ ಮನೆ ಮಾಡಿಕೊಳ್ಳದಿದ್ದರೆ, ವಿನಾಯಿತಿಯನ್ನು ಉಳಿಸಿಕೊಳ್ಳಬಹುದು. ಅದು ಜಾರಿಯಲ್ಲಿದೆಯೇ ಎಂದು ತಿಳಿಯಲು ಅಪ್ರೈಸಲ್ ಡಿಸ್ಟ್ರಿಕ್ಟಿನ ಜಾಲತಾಣದಲ್ಲಿ ನಿಮ್ಮ ವಿಳಾಸ ಹುಡುಕಿ. ವಿನಾಯಿತಿಯ ಸಾಲಿನಲ್ಲಿ ಸಾಮಾನ್ಯವಾಗಿ ಎಚ್‌ಎಸ್ (HS, ಹೋಮ್‌ಸ್ಟೆಡ್) ಎಂಬ ಗುರುತಿರುತ್ತದೆ. ತೆರಿಗೆಯನ್ನು ಬ್ಯಾಂಕಿನ ಎಸ್ಕ್ರೋ ಖಾತೆಯ (ತಿಂಗಳ ಕಂತಿನ ಜೊತೆಗೇ ತೆರಿಗೆಯ ಹಣವನ್ನು ಕೂಡಿಡುವ ಖಾತೆ) ಮೂಲಕ ಕಟ್ಟುತ್ತಿದ್ದರೆ, ಗುರುತು ಕಂಡ ಮೇಲೆ ಎಸ್ಕ್ರೋ ಲೆಕ್ಕವನ್ನು ಮತ್ತೆ ಹಾಕುವಂತೆ ಬ್ಯಾಂಕನ್ನು ಕೇಳಿ, ತಿಂಗಳ ಕಂತು ಇಳಿಸಿಕೊಳ್ಳಿ.