ಚೆಂಡು ಸರಿದರೆ ಹನ್ನೊಂದೂ ಜನ ಸರಿಯಬೇಕು: 4-4-2ರಲ್ಲಿ ರಕ್ಷಣೆ ಕಲಿಸುವುದು ಹೇಗೆ?

ಬೋರ್ಡಿನ ಮೇಲೆ 4-4-2 (ಹಿಂದೆ ನಾಲ್ವರು ಡಿಫೆಂಡರ್, ನಡುವೆ ನಾಲ್ವರು ಮಿಡ್‌ಫೀಲ್ಡರ್, ಮುಂದೆ ಇಬ್ಬರು ಸ್ಟ್ರೈಕರ್) ಬರೆದು ಮೈದಾನಕ್ಕಿಳಿಸಿದ ಫುಟ್‌ಬಾಲ್ ತಂಡ ಹತ್ತೇ ನಿಮಿಷದಲ್ಲಿ ಚದುರಿಹೋಗುವುದನ್ನು ಶಾಲಾ, ಕಾಲೇಜು ಟೂರ್ನಿಗಳಲ್ಲಿ ಮತ್ತೆ ಮತ್ತೆ ನೋಡುತ್ತೇವೆ. ಒಬ್ಬೊಬ್ಬ ಡಿಫೆಂಡರ್‌ಗೂ ಒಬ್ಬೊಬ್ಬ ಎದುರಾಳಿಯನ್ನು ಹಂಚಿರುತ್ತಾರೆ. ಅವನು ಓಡಿದಲ್ಲಿಗೆ ಇವನೂ ಓಡುತ್ತಾನೆ, ಗೋಲಿನ ಮುಂದಿನ ಜಾಗ ಬಟಾಬಯಲಾಗುತ್ತದೆ. ಹುಡುಗರಿಗೆ ಓಟವೂ ಇದೆ, ಛಲವೂ ಇದೆ. ಪಕ್ಕದವನಿಂದ ಎಷ್ಟು ದೂರ ನಿಲ್ಲಬೇಕು, ಮುಂದಿನ ಸಾಲಿನಿಂದ ಎಷ್ಟು ದೂರ ಇರಬೇಕು ಎಂಬ ಲೆಕ್ಕವನ್ನು ಮಾತ್ರ ಯಾರೂ ಕಲಿಸಿರುವುದಿಲ್ಲ.

ಆ ಲೆಕ್ಕವನ್ನು ಹಟ ಹಿಡಿದು ಕಲಿಸಿದವರು ಇಟಲಿಯ ಅರಿಗೊ ಸಾಕ್ಕಿ. ಸ್ವತಃ ವೃತ್ತಿಪರ ಫುಟ್‌ಬಾಲ್ ಆಡಿದವರಲ್ಲ. 1987ರಲ್ಲಿ ಎಸಿ ಮಿಲಾನ್ ತಂಡದ ಕೋಚ್ ಆದರು, ಮರುವರ್ಷವೇ ಇಟಲಿಯ ಲೀಗ್ ಗೆದ್ದರು, 1989 ಮತ್ತು 1990ರಲ್ಲಿ ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ತಂದರು. ಒಬ್ಬೊಬ್ಬರನ್ನು ಬೆನ್ನಟ್ಟಿ ಕಾಯುವುದೇ ಇಟಲಿಯಲ್ಲಿ ವಾಡಿಕೆಯಾಗಿದ್ದ ಕಾಲ ಅದು. ಸಾಕ್ಕಿ ಅದನ್ನು ಬಿಟ್ಟು, ಕೊನೆಯ ಡಿಫೆಂಡರ್‌ನಿಂದ ಮುಂದಿನ ಸ್ಟ್ರೈಕರ್‌ವರೆಗೆ ತಂಡದ ಉದ್ದ ಸುಮಾರು 25 ಮೀಟರ್ ಇರಬೇಕೆಂದರು. ಚೆಂಡು, ಖಾಲಿ ಜಾಗ, ಎದುರಾಳಿ, ಜೊತೆಗಾರ ಈ ನಾಲ್ಕನ್ನೂ ನೋಡಿಕೊಂಡು ಆಟಗಾರ ತನ್ನ ಜಾಗ ಹಿಡಿಯಬೇಕು ಎಂಬುದು ಅವರ ಪಾಠ.

ಮೊದಲು ಮೈದಾನ ಅಳೆಯಿರಿ

ಪೂರ್ಣ ಅಳತೆಯ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ನಾಲ್ವರ ಸಾಲು 68 ಮೀಟರನ್ನು ಕಾಯಲಾರದು. ಕಾಯಲು ಹೋದರೆ ಒಬ್ಬೊಬ್ಬರ ನಡುವೆ ಲಾರಿ ನುಗ್ಗುವಷ್ಟು ಜಾಗ ಉಳಿಯುತ್ತದೆ. ಹಾಗಾಗಿ ಮೈದಾನವನ್ನು ಕೋನ್‌ಗಳಿಂದ ಉದ್ದಕ್ಕೆ ಐದು ಪಟ್ಟಿ ಮಾಡಿ. ಚೆಂಡು ಬಲ ತುದಿಯ ಪಟ್ಟಿಯಲ್ಲಿದ್ದಾಗ ಎಡ ತುದಿಯ ಪಟ್ಟಿಯಲ್ಲಿ ನಮ್ಮವರು ಒಬ್ಬರೂ ಇರಬಾರದು. ಈ ಮಾತು ಹುಡುಗರಿಗೆ ಮೊದಲಿಗೆ ಒಪ್ಪಿಗೆಯಾಗುವುದಿಲ್ಲ. ಅಲ್ಲಿ ನಿಂತ ಎದುರಾಳಿ ವಿಂಗರ್‌ನನ್ನು (ಅಂಚಿನಲ್ಲಿ ಆಡುವವನನ್ನು) ಬಿಟ್ಟುಬಿಡುವುದೇ ಎಂದು ಕೇಳುತ್ತಾರೆ. ಬಿಡಬೇಕು. ಚೆಂಡು ಅಷ್ಟು ದೂರ ಗಾಳಿಯಲ್ಲಿ ಹೋಗಿ ಇಳಿಯುವಷ್ಟರಲ್ಲಿ ಇಡೀ ಸಾಲು ಸರಿದುಬರಲು ಸಮಯ ಸಿಗುತ್ತದೆ.

ಪಕ್ಕದವನಿಗೆ 8ರಿಂದ 10 ಮೀಟರ್, ಸಾಲಿನಿಂದ ಸಾಲಿಗೆ 10ರಿಂದ 12 ಮೀಟರ್. ಇಷ್ಟರಿಂದ ಆರಂಭಿಸಿ. ನಿಮ್ಮೂರಿನ ಮೈದಾನ ಕಿರಿದಾಗಿದ್ದರೆ ಅಂತರವನ್ನೂ ಇಳಿಸಿ.

ಎದುರಾಳಿಯಿಲ್ಲದೆ, ಚೆಂಡಿಲ್ಲದೆ

ಹನ್ನೊಂದು ಜನರನ್ನು ನಿಲ್ಲಿಸಿ. ಚೆಂಡು ಎಲ್ಲಿದೆ ಎಂದು ನೀವು ಕೂಗಿ ಹೇಳಿ: ಬಲ ಟಚ್‌ಲೈನ್ (ಮೈದಾನದ ಉದ್ದದ ಅಂಚುಗೆರೆ), ನಡು, ಎಡ, ಹಿಂದಕ್ಕೆ ಪಾಸ್. ಪ್ರತಿ ಕೂಗಿಗೂ ಎಲ್ಲರೂ ಒಟ್ಟಿಗೆ ಸರಿಯಬೇಕು. ಸರಿದ ಮೇಲೆ ಶಿಳ್ಳೆ ಹಾಕಿ ಸ್ಥಿರ ನಿಲ್ಲಿಸಿ, ಅಂತರವನ್ನು ಅವರೇ ನೋಡಿಕೊಳ್ಳಲಿ. ಕಬಡ್ಡಿಯಲ್ಲಿ ರೈಡರ್ ಮೂಲೆಗೆ ಬಂದರೆ ಕೈ ಹಿಡಿದ ಸರಪಳಿಯೆಲ್ಲ ಬಾಗುತ್ತದಲ್ಲ, ಅದನ್ನು ನೆನಪಿಸಿದರೆ ನಮ್ಮ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಸಾಕ್ಕಿ ಮಿಲಾನ್‌ನ ತಾರೆಯರಿಂದಲೂ ಇದನ್ನೇ ಮಾಡಿಸುತ್ತಿದ್ದರು. ಬೇಸರದ ಅಭ್ಯಾಸ ನಿಜ. ದಿನಕ್ಕೆ 15 ನಿಮಿಷ ಸಾಕು, ಆದರೆ ತಪ್ಪಿಸಬಾರದು.

ಹಿಂದಿನ ನಾಲ್ವರು

ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿಗೆ. ಎದುರಾಳಿ ವಿಂಗರ್‌ಗೆ ಚೆಂಡು ಸಿಕ್ಕಿತು ಎನ್ನಿ. ಹತ್ತಿರದ ಫುಲ್‌ಬ್ಯಾಕ್ (ಸಾಲಿನ ತುದಿಯ ಡಿಫೆಂಡರ್) ಅವನತ್ತ ಹೋಗುತ್ತಾನೆ. ಚೆಂಡು ಹಾದಿಯಲ್ಲಿರುವಾಗ ವೇಗವಾಗಿ ಓಡಬೇಕು, ಅವನು ನಿಯಂತ್ರಿಸಿದ ಕೂಡಲೇ ಹೆಜ್ಜೆ ಚಿಕ್ಕದಾಗಬೇಕು. ಮೈ ಓರೆಯಾಗಿ, ಮೊಣಕಾಲು ಬಾಗಿ, ಅವನನ್ನು ಟಚ್‌ಲೈನ್ ಕಡೆಗೆ ತಳ್ಳುವಂತೆ ನಿಲ್ಲಬೇಕು. ನೆಲಕ್ಕೆ ಬಿದ್ದು ಟ್ಯಾಕಲ್ ಮಾಡುವುದು ಕೊನೆಯ ಉಪಾಯ. ಬಿದ್ದವನು ಏಳುವಷ್ಟರಲ್ಲಿ ನಾವು ಒಬ್ಬರು ಕಡಿಮೆ.

ಫುಲ್‌ಬ್ಯಾಕ್‌ನ ಹಿಂದೆ, ಒಳಬದಿಗೆ ಓರೆಯಾಗಿ ಐದಾರು ಮೀಟರ್ ದೂರದಲ್ಲಿ ಸೆಂಟರ್‌ಬ್ಯಾಕ್ (ನಡುವಿನ ಡಿಫೆಂಡರ್) ಕವರ್ ನಿಲ್ಲುತ್ತಾನೆ. ಉಳಿದಿಬ್ಬರು ಅವನ ಸಮಕ್ಕೆ ಒಳಗೆ ಸೇರಿಕೊಳ್ಳುತ್ತಾರೆ. ಇನ್ನೊಂದು ಬದಿಯ ನಮ್ಮ ಫುಲ್‌ಬ್ಯಾಕ್ ಹೆಚ್ಚುಕಡಿಮೆ ಮೈದಾನದ ನಡುವಿಗೇ ಬಂದಿರುತ್ತಾನೆ. ಬಹಳಷ್ಟು ಗೋಲುಗಳು ಬೀಳುವುದು ಇವನು ಮೈಮರೆತಾಗ. ಚೆಂಡನ್ನೇ ನೋಡುತ್ತ ನಿಂತವನ ಬೆನ್ನ ಹಿಂದಿನಿಂದ ಒಬ್ಬ ನುಸುಳಿ, ಅಂಚಿನಿಂದ ಬಂದ ಕ್ರಾಸ್‌ಗೆ ತಲೆ ಕೊಡುತ್ತಾನೆ. ಚೆಂಡೂ ಹಿಂದಿನವನೂ ಕಾಣುವ ಹಾಗೆ ಮೈ ತಿರುಗಿಸಿ ನಿಲ್ಲುವುದನ್ನು ಇವನಿಗೆ ಬೇರೆಯಾಗಿ ಕೂರಿಸಿಕೊಂಡು ಹೇಳಿ.

ಕೂಗುವ ಮಾತು ಒಂದೊಂದೇ ಪದವಿರಲಿ: ‘ಹೋಗು’, ‘ಒಳಗೆ’, ‘ಮೇಲೆ’, ‘ಇಳಿ’. ಹಿಂದಿನಿಂದ ಇಡೀ ಮೈದಾನ ಕಾಣುವ ಸೆಂಟರ್‌ಬ್ಯಾಕ್ ಇದನ್ನು ಕೂಗಲಿ.

ಮೇಲೇರಬೇಕೋ, ಇಳಿಯಬೇಕೋ?

ಸಾಲು ನೋಡಬೇಕಾದ್ದು ಚೆಂಡು ಹಿಡಿದವನ ತಲೆಯನ್ನು. ಅವನ ಮೇಲೆ ಯಾರ ಒತ್ತಡವೂ ಇಲ್ಲದೆ, ತಲೆ ಎತ್ತಿ ಮುಂದೆ ನೋಡುತ್ತಿದ್ದರೆ ನಾಲ್ವರೂ ನಮ್ಮ ಗೋಲಿನತ್ತ ಇಳಿಯಬೇಕು, ಉದ್ದ ಪಾಸ್ ಬರಲಿದೆ. ಅವನು ನಮ್ಮ ಗೋಲಿಗೆ ಬೆನ್ನು ಹಾಕಿದ್ದರೆ, ಮೊದಲ ಸ್ಪರ್ಶ ಕೆಟ್ಟಿದ್ದರೆ, ಚೆಂಡು ಹಿಂದಕ್ಕೆ ಹೋದರೆ ನಾಲ್ವರೂ ಒಟ್ಟಿಗೆ ಮೇಲೇರಬೇಕು. ಒಬ್ಬ ಉಳಿದರೂ ಆಫ್‌ಸೈಡ್ (ನಮ್ಮ ಕೊನೆಯ ಡಿಫೆಂಡರ್‌ನನ್ನು ದಾಟಿ ಗೋಲಿನ ಕಡೆ ನಿಂತ ಎದುರಾಳಿಗೆ ಪಾಸ್ ಕೊಟ್ಟರೆ ತಪ್ಪು ಎಂಬ ನಿಯಮ) ಹಾಳು. ಆ ಡಿಫೆಂಡರ್‌ಗೆ ಸಮಸಮ ನಿಂತ ಸ್ಟ್ರೈಕರ್ 1990ರ ನಿಯಮ ಬದಲಾವಣೆಯ ನಂತರ ಆಫ್‌ಸೈಡ್ ಅಲ್ಲ ಎಂಬುದನ್ನೂ ತಿಳಿಸಿ. ಕೈ ಎತ್ತಿ ಫ್ಲ್ಯಾಗ್‌ಗೆ ಕಾಯುವ ಚಾಳಿ ಬಿಡಿಸಿ. ಶಿಳ್ಳೆ ಕೇಳುವವರೆಗೆ ಓಡಬೇಕು. ಸಾಲು ಮೇಲೇರಿದಾಗ ಗೋಲ್‌ಕೀಪರ್ ಪೆನಾಲ್ಟಿ ಬಾಕ್ಸ್‌ನ ಅಂಚಿಗೆ ಬರಲೇಬೇಕು.

ಡಿಫೆಂಡರ್‌ಗಳು ನಿಧಾನಿಗಳಾದರೆ ಇಷ್ಟು ಮೇಲೆ ಆಡಿಸಬೇಡಿ. 2013-14ರಲ್ಲಿ ಕೋಚ್ ಡಿಯೇಗೊ ಸಿಮಿಯೋನೆ ಅವರ ಸ್ಪೇನ್‌ನ ತಂಡ ಅಟ್ಲೆಟಿಕೊ ಮ್ಯಾಡ್ರಿಡ್, 2015-16ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಸಿಟಿ ಇದೇ 4-4-2ರಲ್ಲಿ ಎಷ್ಟೋ ಪಂದ್ಯಗಳನ್ನು ಹಿಂದೆ ಸರಿದು ಕಾದು ಆಡಿ ಲೀಗ್ ಗೆದ್ದವು. ಸಾಲು ಎಲ್ಲಿ ನಿಂತರೂ ಒಳಗಿನ ಅಂತರ ಅದೇ. ನಮ್ಮ ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಪೂರ್ತಿ ಪಂದ್ಯ ಪ್ರೆಸ್ ಮಾಡಿಸುವುದು (ಮುಂದೇರಿ ಚೆಂಡು ಹಿಡಿದವನ ಮೇಲೆ ಒತ್ತಡ ಹಾಕಿಸುವುದು) ಹುಡುಗರ ಮೈಗೆ ಅನ್ಯಾಯ.

ಮುಂದಿನ ಆರು ಜನ

ಸ್ಟ್ರೈಕರ್‌ಗಳಿಬ್ಬರೂ ಚೆಂಡು ಕಸಿಯಬೇಕಿಲ್ಲ. ಒಬ್ಬ ಓರೆಯಾಗಿ ಓಡಿ ಎದುರಾಳಿಯನ್ನು ಒಂದು ಬದಿಗೆ ಅಟ್ಟಲಿ, ಇನ್ನೊಬ್ಬ ಅವರ ನಡು ಮಿಡ್‌ಫೀಲ್ಡರ್‌ಗೆ ಹೋಗುವ ಪಾಸಿನ ದಾರಿಯಲ್ಲಿ ನಿಲ್ಲಲಿ. ಚೆಂಡು ಒಂದು ಬದಿಗೆ ಸಿಕ್ಕಿಕೊಂಡಾಗ ಮಿಡ್‌ಫೀಲ್ಡ್‌ನ ನಾಲ್ವರು ಅತ್ತ ಸರಿಯುತ್ತಾರೆ. ಟಚ್‌ಲೈನ್ ಆಗ ನಮ್ಮ ಪರವಾಗಿ ಆಡುತ್ತದೆ.

ಐವರಿಗೆ ಎದುರು ಹತ್ತು

ಮಿಲಾನ್‌ನ ತಾರೆಯರಾದ ಗುಲ್ಲಿಟ್ ಮತ್ತು ವಾನ್ ಬಾಸ್ಟೆನ್ ಇಷ್ಟೆಲ್ಲ ಶಿಸ್ತು ಏಕೆಂದು ಕೇಳಿದಾಗ ಸಾಕ್ಕಿ ಒಂದು ಆಟ ಕಟ್ಟಿದರಂತೆ. ಒಂದು ಕಡೆ ಗೋಲ್‌ಕೀಪರ್ ಗಲ್ಲಿ, ಡಿಫೆಂಡರ್‌ಗಳಾದ ಟಾಸೊಟ್ಟಿ, ಮಾಲ್ಡಿನಿ, ಕೋಸ್ಟಾಕುರ್ಟಾ, ಬರೇಸಿ. ಎದುರಿಗೆ ಹತ್ತು ಜನ. 15 ನಿಮಿಷದಲ್ಲಿ ಗೋಲು ಹೊಡೆಯಬೇಕು. ಚೆಂಡು ಕಳೆದುಕೊಂಡರೆ ತಮ್ಮದೇ ಅರ್ಧದಿಂದ ಮತ್ತೆ ಶುರು. ಹತ್ತು ಜನರಿಗೆ ಒಮ್ಮೆಯೂ ಗೋಲು ಸಿಗಲಿಲ್ಲ ಎಂದು ಸಾಕ್ಕಿ ಹೇಳಿದ್ದಾರೆ.

ನಿಮ್ಮ ತಂಡಕ್ಕೆ ಐವರ ಎದುರು ಏಳು ಜನರಿಂದ ಆರಂಭಿಸಿ. ಗೋಲು ಬಿದ್ದರೆ ಬೈಯಬೇಡಿ, ಆ ಕ್ಷಣ ಎಲ್ಲರೂ ಎಲ್ಲಿದ್ದರು ಎಂದು ಅಲ್ಲೇ ನಿಲ್ಲಿಸಿ ತೋರಿಸಿ. ಪಂದ್ಯದ ದಿನ ಗ್ಯಾಲರಿಯ ಮೇಲಿನಿಂದ ಯಾರಾದರೂ ಮೊಬೈಲ್‌ನಲ್ಲಿ ಚಿತ್ರೀಕರಿಸಲಿ. ಮರುದಿನ ಹುಡುಗರೊಂದಿಗೆ ಕೂತು ನೋಡುವಾಗ ಚೆಂಡಿರುವ ಬದಿಯನ್ನು ಬಿಟ್ಟು ಇನ್ನೊಂದು ಬದಿಯ ಫುಲ್‌ಬ್ಯಾಕ್ ಮತ್ತು ವಿಂಗರ್ ಎಲ್ಲಿದ್ದಾರೆಂದು ನೋಡಿ. ಅವರು ನಡುವಿನ ಪಟ್ಟಿಗೆ ಬಂದಿರದಿದ್ದರೆ ಮುಂದಿನ ವಾರ ಮತ್ತೆ ಚೆಂಡಿಲ್ಲದ ಅಭ್ಯಾಸದಿಂದಲೇ ತೊಡಗಿ.